ಎರಡು ಕೋಣೆ ಮನೇಲಿ ಹೊಲಿಗೆ ಸಾಮಾನು, ಕ್ರಾಫ್ಟ್ ಸಾಮಾನು ಎಲ್ಲಿ ಹೇಗೆ ಇಡ್ತೀರಾ? ಮಷಿನ್ ಇಳಿಸೋಕೇ ಮನಸ್ಸು ಬರ್ತಿಲ್ಲ

ಎರಡುಕೋಣೆ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಇವತ್ತು ಕೇಳ್ಲೇಬೇಕು ಅನ್ನಿಸ್ತು. ನಮ್ದು ಎರಡೇ ಕೋಣೆ ಮನೆ, ನಾಲ್ಕು ಜನ ಇದೀವಿ, ಹೊಲಿಗೆಗೆ ಅಂತ ಬೇರೆ ರೂಮ್ ಬಿಡಿ, ಒಂದು ಮೂಲೆ ಕೂಡ ಇಲ್ಲ. ಮಷಿನ್ ಬೀರು ಮೇಲಿದೆ, ಬಟ್ಟೆ ಮಂಚದ ಕೆಳಗೆ ಟ್ರಂಕಲ್ಲಿದೆ, ದಾರ ಎಲ್ಲ ಒಂದು ಚೀಲಕ್ಕೆ ತುಂಬಿದೀನಿ, ಗುಂಡಿ ಹುಕ್ಕು ಒಂದು ತಗಡಿನ ಡಬ್ಬದಲ್ಲಿ, ಮಗಳ ಬಣ್ಣದ ಕಾಗದ, ಗೋಂದು, ಮಣಿ ಎಲ್ಲೆಲ್ಲೋ. ಮೊನ್ನೆ ಒಂದು ಪ್ಯಾಂಟಿನ ಕಾಲು ಗಿಡ್ಡ ಮಾಡೋಣ ಅಂತ ಕೂತೆ, ಇಪ್ಪತ್ತು ನಿಮಿಷದ ಕೆಲಸ, ಆದ್ರೆ ಮಷಿನ್ ಇಳಿಸಿ, ಕತ್ತರಿ ಹುಡುಕಿ, ಕಪ್ಪು ದಾರ ಸಿಗದೆ ಹೊಸ ರೀಲು ತಂದು, ಕೂತ್ಕೊಳ್ಳೋ ಹೊತ್ತಿಗೆ ಊಟದ ಟೈಮ್ ಆಯ್ತು, ಟೇಬಲ್ ಖಾಲಿ ಮಾಡ್ಬೇಕಾಯ್ತು. ರಾತ್ರಿ ಚೀಲ ಸುರಿದು ನೋಡಿದ್ರೆ ಅದರಲ್ಲೇ ನಾಲ್ಕು ಕಪ್ಪು ರೀಲು ಇತ್ತು. ತುಂಬಾ ಬೇಜಾರಾಯ್ತು. ಹೊಲಿಯೋದು ಅಂದ್ರೆ ನಂಗೆ ಪ್ರಾಣ, ಆದ್ರೆ ಹೊಲಿಯೋ ಹೊತ್ತಿಗಿಂತ ಹುಡುಕೋ ಹೊತ್ತೇ ಜಾಸ್ತಿ ಆಗಿದೆ. ಐದು ವರ್ಷದ ಮಗು ಬೇರೆ ಇದಾಳೆ, ಸೂಜಿ ಪಿನ್ನು ಭಯ. ಪ್ಲಾಸ್ಟಿಕ್ ಡಬ್ಬಗಳ ಒಂದು ದೊಡ್ಡ ಸೆಟ್ ತಗೊಳ್ಳೋಣ ಅಂತಿದೀನಿ, ಯಾವ ಸೈಜ್ ತಗೊಂಡ್ರೆ ಒಳ್ಳೇದು?

ಹಳೇಮಷಿನ್:
ಮೊದಲು ಡಬ್ಬ ತಗೋಬೇಡಿ. ದಯವಿಟ್ಟು. ಇದು ನಾನು ಎಲ್ಲರಿಗೂ ಹೇಳೋ ಮಾತು, ಯಾಕಂದ್ರೆ ಖಾಲಿ ಡಬ್ಬ ಮನೆಗೆ ಬಂದ ಮೇಲೆ ನಾವು ಡಬ್ಬಕ್ಕೆ ತಕ್ಕ ಹಾಗೆ ಸಾಮಾನು ಜೋಡಿಸ್ತೀವಿ, ಕೆಲಸಕ್ಕೆ ತಕ್ಕ ಹಾಗೆ ಅಲ್ಲ.

ಇಪ್ಪತ್ತೈದು ವರ್ಷದಿಂದ ಮನೇಲೇ ಹೊಲೀತಾ ಇದೀನಿ, ಅದರಲ್ಲಿ ಹದಿನೆಂಟು ವರ್ಷ ಒಂದೇ ಕೋಣೆ ಮನೆ. ನಾನು ಕಂಡುಕೊಂಡಿದ್ದು ಇಷ್ಟು. ದಾರ ಎಲ್ಲ ಒಂದು ಕಡೆ, ಕತ್ತರಿ ಎಲ್ಲ ಒಂದು ಕಡೆ, ಟೇಪು ಎಲ್ಲ ಒಂದು ಕಡೆ ಅಂತ ಜಾತಿ ಪ್ರಕಾರ ವಿಂಗಡಿಸಿದ್ರೆ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಒಂದು ಗುಂಡಿ ಹಾಕ್ಬೇಕಂದ್ರೆ ಐದು ಕಡೆ ಓಡಾಡ್ಬೇಕು. ಕೆಲಸದ ಪ್ರಕಾರ ಇಡಿ. ಮಷಿನ್ ಮುಂದೆ ಕೂತಾಗ ಏಳದೇ ಕೈಗೆ ಏನೇನು ಸಿಗ್ಬೇಕು ಅದಷ್ಟೇ ಒಂದು ಹಿಡಿ ಇರೋ ಡಬ್ಬಕ್ಕೆ ಹಾಕಿ. ನಂದರಲ್ಲಿ ಇರೋದು: ದೊಡ್ಡ ಕತ್ತರಿ, ದಾರ ಕತ್ತರಿಸೋ ಸಣ್ಣ ಕತ್ತರಿ, ಹೊಲಿಗೆ ಬಿಚ್ಚೋ ಕೊಕ್ಕೆ, ಟೇಪು, ಗುರುತು ಹಾಕೋ ಸೀಮೆಸುಣ್ಣ, ಪಿನ್ನಿನ ಡಬ್ಬಿ, ಕೈಸೂಜಿ ನಾಲ್ಕು, ಮಷಿನ್ ಸೂಜಿ ಎರಡು ಪ್ಯಾಕು, ಕಪ್ಪು ಬಿಳಿ ಬೂದು ದಾರ, ಅದೇ ಬಣ್ಣದ ಬಾಬಿನ್ನು (ಮಷಿನ್‌ನ ಕೆಳಗಿನ ದಾರ ಸುತ್ತೋ ಪುಟ್ಟ ಉರುಳೆ), ಒಂದು ಸಣ್ಣ ಬ್ರಷ್ಷು, ಎಣ್ಣೆ ಬಾಟಲಿ. ಅಷ್ಟೇ. ನೂರಕ್ಕೆ ತೊಂಬತ್ತು ರಿಪೇರಿ ಕೆಲಸ ಇದರಲ್ಲೇ ಮುಗಿದುಹೋಗತ್ತೆ, ಬೂದು ಬಣ್ಣ ಯಾಕೆ ಅಂದ್ರೆ ಬಣ್ಣ ಹೊಂದದೇ ಇರೋ ಎಷ್ಟೋ ಬಟ್ಟೆಗೆ ಬೂದು ದಾರ ಕಣ್ಣಿಗೆ ಹೊಡೆಯಲ್ಲ, ಸೇರ್ಕೊಂಡುಬಿಡತ್ತೆ.

ಇನ್ನೊಂದು, ಮಷಿನ್ ಬೀರು ಮೇಲಿಂದ ಇವತ್ತೇ ಇಳಿಸಿ. ಹಳೇ ಕಬ್ಬಿಣದ ಮಷಿನ್ ಆದ್ರೆ ತಲೆ ಭಾಗವೇ ಹತ್ತು ಕೇಜಿ ಮೇಲಿರತ್ತೆ, ತಲೆಗಿಂತ ಮೇಲಿಂದ ಒಬ್ಬರೇ ಇಳಿಸೋದು ಬೆನ್ನಿಗೂ ಒಳ್ಳೇದಲ್ಲ, ಕೈ ಜಾರಿದ್ರೆ ಕಾಲಿಗೂ ಒಳ್ಳೇದಲ್ಲ. ಮೊಣಕಾಲಿಂದ ಸೊಂಟದವರೆಗಿನ ಎತ್ತರದಲ್ಲಿ ಒಂದು ಜಾಗ ಮಾಡಿ. ಅಲ್ಲಿ ಈಗೇನಿದೆಯೋ ಅದನ್ನ ಬೀರು ಮೇಲೆ ಹಾಕಿ. ತೆಗೆಯೋಕೆ ಎರಡು ನಿಮಿಷ, ಎತ್ತಿಡೋಕೆ ಎರಡು ನಿಮಿಷ, ಅದಕ್ಕಿಂತ ಜಾಸ್ತಿ ಆದ್ರೆ ಸಣ್ಣ ಮನೇಲಿ ಹೊಲಿಗೆ ನಿಂತೇ ಹೋಗತ್ತೆ, ನಮ್ಮನೇಲೂ ಹಾಗೇ ಆಗಿತ್ತು.

ನೀಲಿದಾರ:
ಅಕ್ಕಾ ನೀವು ಹೇಳಿದ್ದು ಸರಿ, ಆದ್ರೆ ಬಟ್ಟೆ ವಿಷಯಕ್ಕೆ ಜಾತಿ ಪ್ರಕಾರನೇ ಇಡ್ಬೇಕು ಅನ್ನೋದು ನನ್ನ ಅನುಭವ. ಒಂದರ ಮೇಲೊಂದು ಪೇರಿಸಿದ್ರೆ ಕೆಳಗಿನ ಬಟ್ಟೆ ಇದೆ ಅನ್ನೋದೇ ಮರೆತುಹೋಗತ್ತೆ, ಎಳೆದ್ರೆ ಇಡೀ ರಾಶಿ ಬೀಳತ್ತೆ. ನಾನು ಏನ್ ಮಾಡಿದೀನಿ ಅಂದ್ರೆ ಎಲ್ಲಾ ಬಟ್ಟೆನೂ ಒಂದೇ ಅಗಲಕ್ಕೆ ಮಡಿಚಿ ಡ್ರಾಯರ್‌ನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿದೀನಿ, ಮಡಿಕೆ ಮೇಲೆ ಬರೋ ಹಾಗೆ. ಡ್ರಾಯರ್ ಎಳೆದ್ರೆ ಎಲ್ಲಾ ಬಣ್ಣ ಒಂದೇ ನೋಟಕ್ಕೆ ಕಾಣತ್ತೆ. ಮಡಿಚೋವಾಗ ಸ್ಕೇಲ್ ಇಟ್ಕೊಂಡು ಅದರ ಸುತ್ತ ಸುತ್ತಿ ಆಮೇಲೆ ಸ್ಕೇಲ್ ಜಾರಿಸಿ ತೆಗೀತೀನಿ, ಎಲ್ಲಾ ಒಂದೇ ಸೈಜ್ ಬರತ್ತೆ.

ಪ್ರತಿ ಬಟ್ಟೆಗೂ ಒಂದು ಸಣ್ಣ ಚೀಟಿ ಪಿನ್ ಮಾಡಿ, ಎಷ್ಟು ಮೀಟರು, ಪನ್ನ (ಬಟ್ಟೆ ಅಗಲ) ಎಷ್ಟು, ನೀರಲ್ಲಿ ನೆನೆಸಿ ಒಣಗಿಸಿ ಆಯ್ತೋ ಇಲ್ವೋ. ಪನ್ನ ಬರೆಯೋದು ತುಂಬಾ ಮುಖ್ಯ, 44 ಇಂಚಿನ ಬಟ್ಟೆ ಎರಡು ಮೀಟರಿಗೂ 58 ಇಂಚಿನ ಬಟ್ಟೆ ಎರಡು ಮೀಟರಿಗೂ ಬಹಳ ವ್ಯತ್ಯಾಸ, ಒಂದರಲ್ಲಿ ತೋಳು ಬರತ್ತೆ ಇನ್ನೊಂದರಲ್ಲಿ ಬರಲ್ಲ. ಪ್ರತಿ ಸಲ ಬಿಚ್ಚಿ ಅಳೆದು ಮತ್ತೆ ಮಡಿಚೋ ಕೆಲಸ ತಪ್ಪತ್ತೆ. ಆದ್ರೆ ಪಿನ್ನು ಸ್ಟೀಲಿಂದು ಹಾಕಿ, ತುಕ್ಕು ಹಿಡಿಯೋ ಪಿನ್ನು ಹಾಕಿದ್ರೆ ಕಲೆ ಆಗತ್ತೆ, ಆ ಕಲೆ ಹೋಗೋದು ಕಷ್ಟ.

ಹಳೇಮಷಿನ್:
ಒಪ್ಪಿದೆ, ಬಟ್ಟೆ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಒಂದು ಸೇರಿಸ್ತೀನಿ, ವರ್ಷಗಟ್ಲೆ ಇಡೋ ಬಟ್ಟೆ ಮಡಿಕೆ ಆಗಾಗ ಬದಲಾಯಿಸ್ಬೇಕು. ನನ್ನ ಹತ್ರ ಒಂದು ಕೆನೆ ಬಣ್ಣದ ರೇಷ್ಮೆ ಇತ್ತು, ಒಳ್ಳೇ ಕೆಲಸಕ್ಕೆ ಅಂತ ಎತ್ತಿಟ್ಟಿದ್ದೆ, ಬರೀ ಮರದ ಹಲಗೆ ಮೇಲೆ, ಹತ್ತು ವರ್ಷ ಹಾಗೇ ಇತ್ತು. ತೆಗೆದು ಬಿಚ್ಚಿದಾಗ ಮಡಿಕೆ ಇದ್ದ ಕಡೆಯೆಲ್ಲ ಕಂದು ಗೆರೆ, ಬೆಳಕಿಗೆ ಹಿಡಿದ್ರೆ ಗೆರೆ ಉದ್ದಕ್ಕೂ ಎಳೆ ತೆಳ್ಳಗಾಗಿ ಆಚೆ ಕಾಣ್ತಿತ್ತು, ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದ್ದಕ್ಕೇ ಸೀಳ್ತು. ಮರ, ಮಾಮೂಲಿ ರಟ್ಟು, ಇವೆರಡರಲ್ಲೂ ಆಮ್ಲದ ಅಂಶ ಇರತ್ತೆ, ಬಟ್ಟೆಗೆ ತಾಗಿಕೊಂಡೇ ಇದ್ರೆ ಹಳದಿ ಬರತ್ತೆ. ನಡುವೆ ಒಂದು ತೊಳೆದ ಬಿಳಿ ಹತ್ತಿ ಬಟ್ಟೆ ಹಾಸಿ ಸಾಕು. ಗಾಳಿಯಾಡದ ಪ್ಲಾಸ್ಟಿಕ್ ಕವರಲ್ಲೂ ವರ್ಷಗಟ್ಲೆ ಇಡಬೇಡಿ, ಒಳಗೆ ತೇವ ಇದ್ರೆ ಅಲ್ಲೇ ಕೂತು ಬೂಸಲು ಹಿಡಿಯತ್ತೆ.

ಕ್ರೋಷಾಕಡ್ಡಿ:
ಉಲ್ಲನ್ ಇದ್ದೋರು ಇದನ್ನ ಓದಿ. ನುಸಿ ಹಿಡಿಯೋದು ಉಣ್ಣೆ, ರೇಷ್ಮೆ ಥರದ ಪ್ರಾಣಿಮೂಲದ ನೂಲಿಗೆ, ಬರೀ ಅಕ್ರಿಲಿಕ್ ಆದ್ರೆ ಅಷ್ಟು ಚಿಂತೆ ಇಲ್ಲ. ತಿನ್ನೋದು ಹಾರಾಡೋ ಚಿಟ್ಟೆ ಅಲ್ಲ, ಅದು ಇಡೋ ಮೊಟ್ಟೆಯಿಂದ ಬರೋ ಹುಳು. ಅದಕ್ಕೇ ಉಣ್ಣೆ ಮಾತ್ರ ಬಿಗಿಯಾಗಿ ಮುಚ್ಚೋ ಡಬ್ಬದಲ್ಲಿ ಇಡ್ಬೇಕು, ಪೂರ್ತಿ ಒಣಗಿದ ಮೇಲೆ. ಅನುಮಾನ ಬಂದ್ರೆ ಕವರಲ್ಲಿ ಸುತ್ತಿ ಫ್ರೀಜರಲ್ಲಿ ಮೈನಸ್ 18 ಡಿಗ್ರೀಲಿ ಎರಡು ವಾರ ಇಟ್ಟು ತೆಗೀರಿ. ನುಸಿಗುಳಿಗೆ ಮಕ್ಕಳಿರೋ ಮನೇಲಿ ಬೇಡ, ಅದರ ವಾಸನೆ ಉಸಿರಾಡೋದೇ ಒಳ್ಳೇದಲ್ಲ, ಮಗು ಬಾಯಿಗೆ ಹಾಕ್ಕೊಂಡ್ರಂತೂ ವಿಷ.

ಮತ್ತೆ ಉಂಡೆಗೆ ಸುತ್ತಿರೋ ಕಾಗದದ ಪಟ್ಟಿ ಎಸೀಬೇಡಿ. ಅದರ ಮೇಲೆ ಬಣ್ಣದ ನಂಬರ್ ಒಂದಿರತ್ತೆ, ಬಣ್ಣ ಹಾಕಿದ ಲಾಟ್ ನಂಬರ್ ಇನ್ನೊಂದು. ಲಾಟ್ ಬೇರೆ ಆದ್ರೆ ಒಂದೇ ಬಣ್ಣದ ಎರಡು ಉಂಡೆ ಕೈಯಲ್ಲಿ ಹಿಡಿದಾಗ ಒಂದೇ ಥರ ಕಾಣತ್ತೆ, ಹೆಣೆದ ಮೇಲೆ ಸ್ವೆಟರ್ ಮಧ್ಯ ಗೆರೆ ಎಳೆದ ಹಾಗೆ ಎದ್ದು ಕಾಣತ್ತೆ.

ಎರಡುಕೋಣೆ:
ಅಯ್ಯೋ ಎಷ್ಟೊಂದು ವಿಷಯ, ಎಲ್ಲರಿಗೂ ಥ್ಯಾಂಕ್ಸ್. ಡಬ್ಬದ ಆರ್ಡರ್ ನಿಲ್ಲಿಸಿದೆ. ಮಷಿನ್ ಇಳಿಸಿದೆ, ಟೀವಿ ಕೆಳಗಿನ ಕಪಾಟಲ್ಲಿ ಸರಿಯಾಗಿ ಕೂತ್ತು. ಈಗ ಸೂಜಿದು ಹೇಳಿ. ತಗಡಿನ ಡಬ್ಬದಲ್ಲಿ ಬಿಡಿಬಿಡಿಯಾಗಿ ಮೂವತ್ತು ಮಷಿನ್ ಸೂಜಿ ಸಿಕ್ತು, ಯಾವುದು ಹೊಸದು ಯಾವುದು ಹಳೇದು ಗೊತ್ತಾಗ್ತಿಲ್ಲ. ಬಾಬಿನ್ ಒಂದು ಹತ್ತಿಪ್ಪತ್ತು, ಎಲ್ಲಾ ದಾರ ಒಂದಕ್ಕೊಂದು ಗಂಟು.

ಹಳೇಮಷಿನ್:
ಸೂಜಿ ವಿಷಯ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಜಾಗ ಅತಿ ಕಮ್ಮಿ ಹಿಡಿಯೋದು ಅದೇ, ತೊಂದರೆ ಅತಿ ಜಾಸ್ತಿ ಕೊಡೋದೂ ಅದೇ.

ಸೂಜಿ ಬುಡದಲ್ಲಿ ನಂಬರ್ ಕೆತ್ತಿರತ್ತೆ, ಭೂತಗನ್ನಡಿ ಇಟ್ಟು ನೋಡಿ, ಇಲ್ಲಾ ಫೋನಿನ ಕ್ಯಾಮೆರಾದಲ್ಲಿ ಝೂಮ್ ಮಾಡಿ. 70/10, 80/12, 90/14, 100/16 ಹೀಗಿರತ್ತೆ. ಮೊದಲ ಸಂಖ್ಯೆ ಸೂಜಿಯ ದಪ್ಪ, 90 ಅಂದ್ರೆ 0.9 ಮಿಲಿಮೀಟರ್. ತೆಳು ಬಟ್ಟೆಗೆ ಸಣ್ಣ ನಂಬರು, ಮಾಮೂಲಿ ಹತ್ತಿಗೆ 80 ಅಥವಾ 90, ಜೀನ್ಸಿಗೆ 100. ಹಿಗ್ಗೋ ಬಟ್ಟೆಗೆ ಮೊಂಡು ತುದಿಯ ಸೂಜಿನೇ ಬೇರೆ. ಬಿಡಿ ಸೂಜಿಗಳನ್ನ ಒಂದೊಂದಾಗಿ ಗಾಜಿನ ಮೇಲೆ ಚಪ್ಪಟೆ ಬದಿ ಕೆಳಗಾಗೋ ಹಾಗೆ ಮಲಗಿಸಿ, ಸೂಜಿಗೂ ಗಾಜಿಗೂ ನಡುವಿನ ಸಂದಿ ಉದ್ದಕ್ಕೂ ಒಂದೇ ಸಮ ಇದ್ರೆ ನೆಟ್ಟಗಿದೆ, ತುದಿ ಕಡೆ ಹೆಚ್ಚುಕಮ್ಮಿ ಆದ್ರೆ ಬಗ್ಗಿದೆ. ತುದಿಯನ್ನ ಹಳೇ ತೆಳು ಸಿಂಥೆಟಿಕ್ ಬಟ್ಟೆ ಮೇಲೆ ಮೆಲ್ಲಗೆ ಎಳೀರಿ, ಎಳೆ ಸಿಕ್ಕಿಹಾಕ್ಕೊಂಡ್ರೆ ತುದಿ ಹೋಗಿದೆ ಅಂತ. ಎಂಟು ಗಂಟೆ ಹೊಲಿಗೆ ಆದ ಮೇಲೆ ಸೂಜಿ ಬದಲಾಯಿಸ್ಬೇಕು ಅಂತ ಲೆಕ್ಕ, ನಾನು ಒಂದು ದೊಡ್ಡ ಬಟ್ಟೆಗೆ ಒಂದು ಸೂಜಿ ಅಂತ ಇಟ್ಕೊಂಡಿದೀನಿ.

ಅರ್ಧ ಬಳಸಿದ ಸೂಜಿ ಮತ್ತೆ ಪ್ಯಾಕಿಗೆ ಹಾಕಬೇಡಿ. ಒಂದು ತುಂಡು ಫೆಲ್ಟ್ ಬಟ್ಟೆ ತಗೊಂಡು ನಾಲ್ಕು ಚೌಕ ಮಾಡಿ, ಒಂದೊಂದರಲ್ಲಿ 70, 80, 90, 100 ಅಂತ ದಾರದಲ್ಲೇ ಹೊಲಿದು, ಬಳಸಿದ ಸೂಜಿ ಅದರದರ ಚೌಕಕ್ಕೆ ಚುಚ್ಚಿ. ಈಗ ಮಷಿನ್‌ನಲ್ಲಿ ಇರೋ ಸೂಜಿ ಯಾವ್ದೋ ಆ ಚೌಕದಲ್ಲಿ ಒಂದು ಬಣ್ಣದ ತಲೆಯ ಪಿನ್ನು. ಆರು ತಿಂಗಳ ಮೇಲೆ ಕೂತ್ರೂ ಮಷಿನ್‌ನಲ್ಲಿ ಯಾವ ಸೂಜಿ ಇದೆ ಅಂತ ಗೊತ್ತಾಗತ್ತೆ.

ಮುರಿದ ಸೂಜಿ, ಬಗ್ಗಿದ ಪಿನ್ನು ಕಸದ ಬುಟ್ಟಿಗೆ ಹಾಗೇ ಹಾಕಬೇಡಿ, ಕಸ ಎತ್ತೋರ ಕೈಗೆ ಚುಚ್ಚತ್ತೆ. ಮುಚ್ಚಳಕ್ಕೆ ಸಣ್ಣ ತೂತು ಇರೋ ಹಳೇ ಮಾತ್ರೆ ಡಬ್ಬಿಗೆ ಹಾಕ್ತಾ ಹೋಗಿ, ತುಂಬಿದಾಗ ಟೇಪ್ ಸುತ್ತಿ ಎಸೀರಿ. ಮಗು ಇದ್ರೆ ಪಿನ್ನು ಎಣಿಸಿ ಇಡಿ. ನಂದು ಐವತ್ತು, ಎದ್ದೇಳೋ ಮುಂಚೆ ಐವತ್ತು ಇರ್ಬೇಕು, ಇಲ್ದಿದ್ರೆ ನೆಲದ ಮೇಲೆ ಅಯಸ್ಕಾಂತ ಆಡಿಸ್ತೀನಿ. ಆ ಅಯಸ್ಕಾಂತ ದೊಡ್ಡದೇ ಇರಲಿ, ಗುಂಡಿಯಷ್ಟು ಚಿಕ್ಕ, ಬಲವಾದ ಅಯಸ್ಕಾಂತ ಮಗು ನುಂಗಿದ್ರೆ ತುಂಬಾ ಅಪಾಯ, ಎರಡು ನುಂಗಿದ್ರೆ ಕರುಳಿನೊಳಗೇ ಒಂದನ್ನೊಂದು ಎಳ್ಕೊಳ್ತಾವೆ.

ನೀಲಿದಾರ:
ಬಾಬಿನ್ನಿಗೆ ನಂದೊಂದು ಉಪಾಯ. ಇಯರ್ ಬಡ್ ಕಡ್ಡಿಯನ್ನ ಬಾಬಿನ್ ತೂತಿಗೆ ತೂರಿಸಿ ಅದೇ ಬಣ್ಣದ ರೀಲಿನ ತೂತಿಗೆ ಸಿಕ್ಕಿಸಿ. ಎರಡೂ ಜೊತೆಗೇ ಇರತ್ತೆ, ದಾರ ಬಿಚ್ಕೊಳ್ಳಲ್ಲ, ಮೇಲಿನ ದಾರಕ್ಕೆ ಕೆಳಗಿನ ದಾರ ಹುಡುಕೋ ಹಾಗಿಲ್ಲ. ಮತ್ತೆ ಬೇರೆ ಬೇರೆ ಮಷಿನ್ ಬಾಬಿನ್ ಸೇರಿಸಿ ಇಡಬೇಡಿ, ನೋಡೋಕೆ ಒಂದೇ ಥರ ಇದ್ರೂ ಎತ್ತರದಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಇರತ್ತೆ, ತಪ್ಪು ಹಾಕಿದ್ರೆ ಕೆಳಗಡೆ ದಾರ ಗುಡ್ಡೆ ಆಗತ್ತೆ, ನಾವು ದಾರದ ಬಿಗಿ ಸರಿ ಮಾಡೋ ಟೆನ್ಷನ್ ತಿರುಗಿಸ್ತಾ ಕೂರ್ತೀವಿ.

ದಾರ ಬಿಸಿಲಿಗೆ ಕಾಣೋ ಹಾಗೆ ಗೋಡೆಗೆ ಸಾಲಾಗಿ ನೇತುಹಾಕೋದು ಫೋಟೋದಲ್ಲಿ ಚಂದ, ಆದ್ರೆ ಬಿಸಿಲಿಗೆ ಬಣ್ಣನೂ ಹೋಗತ್ತೆ ಗಟ್ಟಿನೂ ಹೋಗತ್ತೆ. ಹಳೇ ದಾರ ಹಾಕೋ ಮುಂಚೆ ಒಂದು ಗೇಣು ಎಳೆದು ಎರಡೂ ಕೈಲಿ ಜಗ್ಗಿ ನೋಡಿ, ಟಕ್ ಅಂತ ಹೋದ್ರೆ ಅದನ್ನ ಟಾಕಿ (ಆಮೇಲೆ ಬಿಚ್ಚೋ ಕಚ್ಚಾ ಹೊಲಿಗೆ) ಹಾಕೋಕಷ್ಟೇ ಬಳಸಿ.

ಕಾಗದದೋಣಿ:
ನಾನು ಕಾಗದದ ಕೆಲಸ ಮಾಡೋನು, ಹೊಲಿಗೆ ಮಾಡೋದು ನಮ್ಮಮ್ಮ. ಒಂದೇ ಟೇಬಲ್ ಇಬ್ಬರಿಗೂ. ನಮ್ಮ ಮನೇಲಿ ಜಗಳ ಆಗ್ತಿದ್ದಿದ್ದು ಬರೀ ಕತ್ತರಿಗೆ. ಕಾಗದ ಬೆಳ್ಳಗೆ ನುಣ್ಣಗೆ ಬರಲಿ ಅಂತ ಅದರಲ್ಲಿ ಸುಣ್ಣದಪುಡಿ, ಜೇಡಿಮಣ್ಣಿನ ಥರದ ಪುಡಿ ಸೇರಿಸಿರ್ತಾರೆ, ಅದು ಕತ್ತರಿ ಬಾಯಿ ಸವೆಸತ್ತೆ, ಆಮೇಲೆ ಅದೇ ಕತ್ತರಿ ಬಟ್ಟೆ ಅಗಿಯತ್ತೆ. ಈಗ ಅಮ್ಮನ ಕತ್ತರಿ ಹಿಡಿಗೆ ಕೆಂಪು ಬಟ್ಟೆ ಪಟ್ಟಿ ಕಟ್ಟಿದೀವಿ, ಕೆಂಪು ಕಟ್ಟಿರೋದು ಬಟ್ಟೆಗೆ ಮಾತ್ರ, ಓದೋಕೆ ಬರದ ಮಗುಗೂ ಅರ್ಥ ಆಗತ್ತೆ.

ಮಗಳ ಕಾಗದ ನಿಲ್ಲಿಸಿ ಇಡಬೇಡಿ, ಬಾಗತ್ತೆ, ತೇವಕ್ಕೆ ಸುರುಳಿ ಆಗತ್ತೆ. A4 ಸೈಜಿನ ರಟ್ಟಿನ ಫೈಲ್ ಎರಡು ತಗೊಂಡು ಮಲಗಿಸಿ ಇಡಿ, ಒಂದು ಹೊಸ ಹಾಳೆ ಒಂದು ಚೂರು. ಗೋಂದು, ಬಣ್ಣ ಮಾತ್ರ ಬಟ್ಟೆ ಇರೋ ಕಪಾಟಲ್ಲಿ ಯಾವತ್ತೂ ಬೇಡ, ಒಂದು ಸಲ ಮುಚ್ಚಳ ಸರಿ ಕೂರದೇ ರಾತ್ರಿಯೆಲ್ಲ ಸೋರಿ ಅಮ್ಮನ ಮೂರು ಬಟ್ಟೆ ಹಾಳಾಯ್ತು.

ಮಣಿಕಟ್ಟು:
ಮಣಿಗೆ ಒಂದೇ ಮಾತು, ಸ್ಕ್ರೂ ಮುಚ್ಚಳದ ಪುಟ್ಟ ಡಬ್ಬಿ. ಒತ್ತಿ ಮುಚ್ಚೋ ಡಬ್ಬಿ ಕೆಳಗೆ ಬಿದ್ರೆ ಮುಚ್ಚಳ ಹಾರತ್ತೆ. ಚೆಲ್ಲಿದ್ರೆ ವ್ಯಾಕ್ಯೂಮ್ ಬಾಯಿಗೆ ಹಳೇ ಕಾಲುಚೀಲ ತೆಳುದು ಕಟ್ಟಿ ಎಳೀರಿ, ಮಣಿ ಬಟ್ಟೆಗೆ ಅಂಟಿಕೊಳ್ತಾವೆ, ಆಫ್ ಮಾಡೋ ಮುಂಚೆ ಬಟ್ಟಲು ಹಿಡೀರಿ. ಕೆಲಸ ಮಾಡೋವಾಗ ತಟ್ಟೇಲಿ ಒಂದು ಟವೆಲ್ ತುಂಡು ಹಾಸ್ಕೊಂಡ್ರೆ ಉರುಳಲ್ಲ. ಕಸೂತಿ ದಾರಕ್ಕೂ ಹೇಳ್ತೀನಿ, ರಟ್ಟಿನ ಬಿಲ್ಲೆಗೆ ಸುತ್ತಿ ಅದರ ಮೇಲೆ ನಂಬರ್ ಬರೀರಿ, ಆರೆಳೆ ದಾರ ಎಂಟು ಮೀಟರಿನ ಲಡಿ ಒಂದು ಬಿಲ್ಲೆಗೆ ಸರಿಯಾಗಿ ಕೂರತ್ತೆ.

ಚೂರುಬಟ್ಟೆ:
ಯಾರೂ ಚೂರುಬಟ್ಟೆ ವಿಷಯ ಎತ್ತಲೇ ಇಲ್ಲ. ನಾನು ಒಂದು ಚೂರನ್ನೂ ಎಸೆಯಲ್ಲ. ನನ್ನ ಕೌದಿ ಎಲ್ಲ ಆ ಚೂರಿಂದಲೇ ಆಗಿರೋದು.

ಹಳೇಮಷಿನ್:
ಕೌದಿ ಹೊಲಿಯೋರಿಗೆ ಸರಿ, ಆದ್ರೆ ಎರಡು ಕೋಣೆ ಮನೇಲಿ ಎಲ್ಲರೂ ಎಲ್ಲಾ ಚೂರು ಇಟ್ಕೊಳ್ಳೋಕೆ ಆಗಲ್ಲ. ಒಂದು ಚೀಲ ಇಟ್ಕೊಳ್ಳಲಿ, ಅದು ತುಂಬಿದ್ರೆ ಹೊಸದು ಹಾಕೋಕೆ ಮುಂಚೆ ಹಳೇದು ಹೋಗ್ಬೇಕು. ಅಂಗೈಗಿಂತ ಚಿಕ್ಕದು ನಾನು ಇಟ್ಕೊಳ್ಳಲ್ಲ.

ಚೂರುಬಟ್ಟೆ:
ಅಂಗೈಗಿಂತ ಚಿಕ್ಕದರಲ್ಲೇ ನನ್ನ ಹೂವೆಲ್ಲ ಆಗೋದು ಅಕ್ಕಾ. ನಾನು ಮಾಡೋದು ಏನಂದ್ರೆ ಚೂರು ಬಂದ ದಿನವೇ ಕತ್ತರಿಸಿಬಿಡೋದು. ಎರಡೂವರೆ ಇಂಚು, ಐದು ಇಂಚು, ಎರಡೇ ಅಳತೆ ಚೌಕ. ಪೇರಿಸಿ ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಪಟ್ಟೀಲಿ ಕಟ್ಟಿ ಇಟ್ರೆ ಇನ್ನೂರು ಚೌಕ ಒಂದು ಚಪ್ಪಲಿ ಡಬ್ಬದಲ್ಲಿ ಕೂರತ್ತೆ, ಅಡ್ಡಾದಿಡ್ಡಿ ಚೂರಾದ್ರೆ ಅದೇ ಬಟ್ಟೆ ಒಂದು ಗೋಣಿಚೀಲ ಆಗತ್ತೆ. ಉಳಿದ ಎಳೆ, ದಾರದ ತುಂಡು ದಿಂಬಿನೊಳಗೆ ತುಂಬೋಕೆ.

ಹಳೇಮಷಿನ್:
ಬಂದ ದಿನವೇ ಕತ್ತರಿಸೋದು ಅಂದ್ರೆ ಒಪ್ಕೊಳ್ತೀನಿ. ಅದು ನಂಗೆ ಹೊಳೆದಿರಲಿಲ್ಲ.

ಎರಡುಕೋಣೆ:
ಮೂರು ವಾರ ಆದ ಮೇಲೆ ಬರೀತಾ ಇದೀನಿ. ಮೊದಲ ಭಾನುವಾರ ಹಾಸಿಗೆ ಮೇಲೆ ಬೆಡ್‌ಶೀಟ್ ಹಾಸಿ ಎಲ್ಲಾ ಸುರಿದೆ. ಎಲಾಸ್ಟಿಕ್ ಏಳು ಸುತ್ತು ಇತ್ತು, ಎಳೆದು ಬಿಟ್ಟು ನೋಡಿದ್ರೆ ಐದು ವಾಪಸ್ ಬರಲೇ ಇಲ್ಲ, ಒಳಗಿನ ರಬ್ಬರು ಪುಡಿಪುಡಿ ಸದ್ದು ಮಾಡ್ತಿತ್ತು, ಎಸೆದೆ. ಬಕ್ರಂ (ಕಾಲರ್ ಒಳಗೆ ಹಾಕೋ ಗಟ್ಟಿ ಬಟ್ಟೆ) ಮಡಿಚಿ ಮಡಿಚಿ ಮುದುಡಿತ್ತು, ಈಗ ರಟ್ಟಿನ ಕೊಳವೆಗೆ ಸುತ್ತಿ ಇಟ್ಟಿದೀನಿ. ಮೂವತ್ತು ಸೂಜೀಲಿ ಹನ್ನೊಂದು ಉಳೀತು. ಕಪ್ಪು ದಾರ ಇನ್ನು ಐದು ವರ್ಷ ತರೋ ಹಾಗಿಲ್ಲ.

ತುಂಬಾ ಕೆಲಸಕ್ಕೆ ಬಂದಿದ್ದು ಹಳೇಮಷಿನ್ ಅಕ್ಕ ಹೇಳಿದ ಹಿಡಿ ಡಬ್ಬ. ಅದಕ್ಕೆ ನಾನೇ ಒಂದು ಸೇರಿಸಿದೆ, ಅರ್ಧ ಆಗಿರೋ ಒಂದೊಂದು ಕೆಲಸಕ್ಕೂ ಒಂದೊಂದು ಬಟ್ಟೆ ಚೀಲ, ಅದರಲ್ಲಿ ಕತ್ತರಿಸಿದ ತುಂಡು, ಅದಕ್ಕೆ ಬೇಕಾದ ದಾರ, ಜಿಪ್ಪು, ಗುಂಡಿ, ಮುಂದೆ ಏನ್ ಮಾಡ್ಬೇಕು ಅಂತ ಒಂದು ಚೀಟಿ. ಬಾಗಿಲ ಹಿಂದೆ ನಾಲ್ಕು ಮೊಳೆ, ನಾಲ್ಕೇ ಚೀಲ. ಐದನೇದು ಶುರು ಮಾಡ್ಬೇಕಂದ್ರೆ ಒಂದು ಮುಗಿಸ್ಬೇಕು. ನಿನ್ನೆ ಮಗಳು ಮಲಗಿದ್ದಾಗ ಚೀಟಿ ಓದಿ ನೇರವಾಗಿ ತೋಳು ಕೂರಿಸಿದೆ, ಅರ್ಧ ಗಂಟೆ, ಒಂದು ಸಾಮಾನಿಗೂ ಎದ್ದಿಲ್ಲ. ಆ ಖುಷಿ ಹೇಳೋಕೆ ಬರ್ತಿಲ್ಲ.

ಪಾರದರ್ಶಕ ಡಬ್ಬ ಎರಡೇ ತಗೊಂಡೆ, ಒಂದು ಉಲ್ಲನ್ನಿಗೆ ಒಂದು ಮಗಳ ಕ್ರಾಫ್ಟಿಗೆ. ಅವಳ ಡಬ್ಬ ಅವಳ ಎತ್ತರಕ್ಕೆ, ಮೊಂಡು ಕತ್ತರಿ ಅದರಲ್ಲಿ. ಸೂಜಿ, ಮಣಿ ನನ್ನ ಭುಜಕ್ಕಿಂತ ಮೇಲೆ, ಚಿಲಕ ಹಾಕೋ ಕಪಾಟಲ್ಲಿ.

ಉಳಿದಿರೋದು ಒಂದೇ, ಕತ್ತರಿಸೋ ಜಾಗ. ರೋಟರಿ ಕಟರ್ (ಚಕ್ರದ ಥರ ಉರುಳೋ ಬ್ಲೇಡ್) ಇದೆ, ಅದರ ಕೆಳಗೆ ಹಾಸೋ ಮ್ಯಾಟ್ A2 ಸೈಜು, ಸುತ್ತಿ ಬೀರು ಪಕ್ಕ ನಿಲ್ಲಿಸಿದ್ದೆ, ಈಗ ಹಾಸಿದ್ರೆ ಅಂಚು ಎದ್ದೇ ಇರತ್ತೆ.

ಹಳೇಮಷಿನ್:
ಮ್ಯಾಟ್ ಸುತ್ತಬಾರದು, ಬಿಸಿಲಿಗೆ, ಇಸ್ತ್ರಿ ಹತ್ರಕ್ಕೆ ಇಡಬಾರದು, ಬಿಸಿಗೆ ಬಾಗಿಬಿಡತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಸಮ ನೆಲದ ಮೇಲೆ ಹಾಸಿ, ಮೇಲೆ ದಪ್ಪ ಪುಸ್ತಕ ಹೇರಿ ಎರಡು ದಿನ ಬಿಡಿ, ಸುಮಾರು ಸರಿ ಹೋಗತ್ತೆ. ಪೂರ್ತಿ ಸರಿ ಆಗದೇ ಇರಬಹುದು. ಆಮೇಲೆ ಮಲಗಿಸಿಯೇ ಇಡಿ, ಹಾಸಿಗೆಗೂ ಮಂಚದ ಹಲಗೆಗೂ ನಡುವೆ ತಳ್ಳಿದ್ರೆ ಜಾಗವೇ ಹಿಡಿಯಲ್ಲ. ಕಟರ್ ಬ್ಲೇಡ್ ಮಾತ್ರ ಪ್ರತಿ ಸಲ ಕೆಳಗಿಡೋ ಮುಂಚೆ ಮುಚ್ಚಿ, ಮಗು ಇರೋ ಮನೆ.

ಎರಡುಕೋಣೆ:
ಮ್ಯಾಟ್ 59 ಸೆಂಟಿಮೀಟರು, ನಮ್ಮ ಮಂಚದ ಹಲಗೆ 90. ಈಗಲೇ ಪುಸ್ತಕ ಹೇರಿ ಬಂದೆ ಅಕ್ಕಾ, ಬುಧವಾರ ನೋಡಿ ಹೇಳ್ತೀನಿ.